ಅಂಚಿನ ಕೆಂಪು ಎಳೆ

ಬೀದಿಯ ಈ ಕಂಬದಿಂದ ಆ ಕಂಬಕ್ಕೆ ತಂತಿ ಎಳೆದು, ತಂತಿಯುದ್ದಕ್ಕೂ ಜೀನ್ಸ್ ಪ್ಯಾಂಟುಗಳನ್ನು ನೇತುಹಾಕಿದ್ದಾರೆ. ಕಡಲ ಕಡೆಯಿಂದ ಗಾಳಿ ಬೀಸಿದಾಗ ಅಷ್ಟೂ ಕಾಲುಗಳು ಒಮ್ಮೆಲೇ ಒಂದೇ ದಿಕ್ಕಿಗೆ ಹೊರಳುತ್ತವೆ. ಬಿಸಿಲು ಮಳೆ ಎರಡನ್ನೂ ಬಹಳ ಕಾಲ ಉಂಡ ಬಟ್ಟೆ. ಬಿಸಿಲಿಗೆ ಮುಖ ಮಾಡಿದ ಬದಿ ಬಿಳಿಚಿಕೊಂಡಿದೆ, ನೆರಳಿನ ಬದಿ ಇನ್ನೂ ಕಡುನೀಲಿಯಾಗಿಯೇ ಉಳಿದಿದೆ. ಕೆಳಗೆ ನಡೆದು ಹೋಗುವವರ ಹೆಗಲ ಮೇಲೆ ಪ್ಯಾಂಟುಗಳ ನೆರಳು ಆಡುತ್ತದೆ. ಒಂದು ಅಂಗಡಿಯ ಗಾಜಿನ ಹಿಂದೆ ಕಡುನೀಲಿ ಬಟ್ಟೆಯ ಥಾನುಗಳನ್ನು ಒಟ್ಟಿದ್ದಾರೆ, ಇನ್ನೊಂದರ ಬಾಗಿಲಲ್ಲೇ ಹೊಲಿಗೆ ಯಂತ್ರವೊಂದು ಕೂತಿದೆ, ಮೂರನೆಯದರ ಒಳಗಿಂದ ಇಸ್ತ್ರಿಪೆಟ್ಟಿಗೆಯ ಹಬೆ ಬುಸ್ಸೆಂದು ಹೊರಬರುತ್ತದೆ. ಜಪಾನಿನ ಒಕಾಯಾಮಾ ಪ್ರಾಂತ್ಯದಲ್ಲಿ, ಕುರಾಶಿಕಿ ನಗರಕ್ಕೆ ಸೇರಿದ ಕೊಜಿಮಾ ಎಂಬ ಊರು ಇದು. ಮುಂದೆ ಸೆತೊ ಒಳಗಡಲು, ಅದರಾಚೆ ಶಿಕೊಕು ದ್ವೀಪ, ನಡುವೆ 1988ರಲ್ಲಿ ತೆರೆದ ಉದ್ದನೆಯ ಸೇತುವೆ.

ಬೀದಿ ಕಣ್ಣಿಗೆ ಹಬ್ಬವೇ ಸರಿ. ಆದರೆ ನಾವು ನೋಡಬೇಕೆಂದು ಬಂದದ್ದು ಅದರ ಹಿಂಬದಿಯಲ್ಲಿದೆ. ಎರಡು ತಿರುವು ದಾಟಿದರೆ ಪ್ರವಾಸಿಗರ ಮಾತು ಕೇಳದಾಗುತ್ತದೆ, ಹೆಂಚಿನ ಮನೆಗಳ ನಡುವೆ ತಗಡಿನ ಶೆಡ್ಡುಗಳು ಕಾಣತೊಡಗುತ್ತವೆ, ಗಾಳಿಯಲ್ಲಿ ಉಪ್ಪಿನ ಜೊತೆಗೆ ಹೊಸ ಬಟ್ಟೆಯ ಗಂಜಿ ವಾಸನೆ, ಯಂತ್ರದ ಎಣ್ಣೆಯ ಕಮಟು. ಈ ಉಪ್ಪಿನಿಂದಲೇ ಕಥೆ ಶುರುವಾಯಿತು. ಕಡಲನ್ನು ಹಿಂದಕ್ಕೆ ತಳ್ಳಿ, ಒಡ್ಡು ಹಾಕಿ ಗಳಿಸಿದ ನೆಲವಾದ್ದರಿಂದ ಇಲ್ಲಿ ಭತ್ತ ಕೈಗೆ ಹತ್ತಲಿಲ್ಲ. ಉಪ್ಪು ತಾಳಿಕೊಳ್ಳುವ ಹತ್ತಿಯನ್ನು ಬಿತ್ತಿದರು. ಹತ್ತಿ ಬಂದ ಮೇಲೆ ನೂಲು, ನೂಲಿನಿಂದ ಗಟ್ಟಿ ನೇಯ್ಗೆಯ ಪಟ್ಟಿಗಳು, ಹೆಬ್ಬೆರಳು ಬೇರೆ ಬಿಡಿಸಿದ ತಾಬಿ ಕಾಲುಚೀಲ, ಆಮೇಲೆ ದೇಶದ ಶಾಲೆ ಮಕ್ಕಳಿಗೆ ಸಮವಸ್ತ್ರ. ದಪ್ಪ ಬಟ್ಟೆ ಹೊಲಿಯುವುದು ತಲೆಮಾರುಗಳಿಂದ ಈ ಊರಿನ ಕೈಗೆ ಹತ್ತಿದ ಕೆಲಸ. 1960ರ ದಶಕದಲ್ಲಿ ಕೃತಕ ನೂಲಿನ ಸಮವಸ್ತ್ರ ಬಂದು ಹತ್ತಿ ಬಟ್ಟೆ ಹೊಲಿಯುವವರ ಹೊಟ್ಟೆಯ ಮೇಲೆ ಹೊಡೆಯಿತು. ಆಗ ಮಾರುವೊ ಎಂಬ ಇಲ್ಲಿನ ಸಂಸ್ಥೆ ಅಮೆರಿಕದಿಂದ ಡೆನಿಮ್ ತರಿಸಿ, ಅಂಥ ದಪ್ಪ ಬಟ್ಟೆಯಲ್ಲಿ ಊರಿನ ಯಂತ್ರಗಳ ಸೂಜಿ ಇಳಿಯದಿದ್ದಾಗ ಯಂತ್ರಗಳನ್ನೂ ಅಲ್ಲಿಂದಲೇ ತರಿಸಿ, 1965ರಲ್ಲಿ ಜೀನ್ಸ್ ಹೊಲಿಯತೊಡಗಿತು. ಮುಂದೆ ಬಿಗ್ ಜಾನ್ ಎಂದು ಹೆಸರಾದದ್ದು ಅದೇ. ಬಟ್ಟೆಯೂ ಜಪಾನಿನದೇ ಆಗಲು 1973 ಬರಬೇಕಾಯಿತು. ಕುರಾಶಿಕಿಯ ಕುರಾಬೊ ಗಿರಣಿ ಆ ವರ್ಷ ಕೆಡಿ-8 ಎಂಬ ಡೆನಿಮ್ ನೇಯ್ದು ಕೊಟ್ಟಿತು.

ನೇಯ್ಗೆ ಶೆಡ್ಡಿನ ಬಾಗಿಲು ಸರಿಸಿದಾಗ ಎದುರುಗೊಳ್ಳುವುದು ಸದ್ದು. ಮೊದಲಿಗೆ ಬರೀ ಗದ್ದಲ ಅನ್ನಿಸುತ್ತದೆ. ಸ್ವಲ್ಪ ಹೊತ್ತು ನಿಂತರೆ ಗದ್ದಲ ಬಿಡಿಬಿಡಿಯಾಗುತ್ತದೆ: ಲಾಳಿಯನ್ನು ಆ ಬದಿಗೆ ಹೊಡೆಯುವ ಏಟು, ಈ ಬದಿಗೆ ಮರಳಿಸುವ ಏಟು, ನಡುವೆ ಹೊಕ್ಕು ಬಡಿದು ಕೂರಿಸುವ ಹಲಗೆಯ ದಪ್ಪ ಸದ್ದು. ಮರದ ಲಾಳಿಯ ಎರಡೂ ಮೂತಿಗೆ ಲೋಹದ ಟೋಪಿ, ಹೊಟ್ಟೆಯೊಳಗೆ ಬಿಳಿ ನೂಲಿನ ಕಂಡಿಕೆ. ಮಗ್ಗದ ಮೈಮೇಲೆಲ್ಲ ಅರಳೆಯ ನವಿರು ಕೂತು ಹಸಿರು ಬಣ್ಣ ಬೂದಿಯಾಗಿದೆ. ಸಾಲುಗಳ ನಡುವೆ ಓಡಾಡುವ ನೇಕಾರ ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸುತ್ತಾ, ಕಿವಿಯನ್ನು ಮಾತ್ರ ಬೇರೆಲ್ಲೋ ಇಟ್ಟಿರುತ್ತಾನೆ. ಲಯ ಎಲ್ಲಿ ತಪ್ಪಿತೋ ಅಲ್ಲಿ ಎಳೆ ಕಡಿದಿದೆ ಎಂದು ಅರ್ಥ. ಓಡಿ ಹೋಗಿ ಮಗ್ಗ ನಿಲ್ಲಿಸಿ, ಬೆರಳ ತುದಿಯಲ್ಲಿ ಗಂಟು ಹಾಕಿ, ಮತ್ತೆ ಚಾಲೂ ಮಾಡುತ್ತಾನೆ. ಮಗ್ಗಗಳ ಎದೆಯ ಮೇಲೆ ಟೊಯೋಡಾ ಎಂಬ ಅಚ್ಚು. ಓಡುತ್ತಿರುವಾಗಲೇ ತಾನಾಗಿ ಲಾಳಿ ಬದಲಿಸಿಕೊಳ್ಳುವ ಮಗ್ಗವನ್ನು ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ. ಅವನ ಮಗ ಮುಂದೆ ಕಾರು ಮಾಡಲು ಹೊರಟ. ಅಮೆರಿಕದ ಗಿರಣಿಗಳು ಎಸೆದ ಹಳೆಯ ಮಗ್ಗಗಳನ್ನು ಜಪಾನಿನವರು ಕೊಂಡು ತಂದರು ಎಂಬ ಕಥೆ ಲೋಕದ ತುಂಬ ಓಡಾಡುತ್ತದೆ. ಆದರೆ ಈ ಶೆಡ್ಡುಗಳಲ್ಲಿ ಬಡಿಯುತ್ತಿರುವ ಮಗ್ಗಗಳು ಬಹುಪಾಲು ಜಪಾನಿನಲ್ಲೇ ಮಾಡಿದವು.

ಮಗ್ಗದ ಬಾಯಿಂದ ಇಳಿದು ಬರುವ ಬಟ್ಟೆಯ ಅಗಲ 30 ಅಂಗುಲದ ಒಳಗೇ. ಹೊಸ ಮಗ್ಗಗಳು ಇದರ ಎರಡು ಪಟ್ಟು ಅಗಲದ ಬಟ್ಟೆಯನ್ನು ಎಷ್ಟೋ ಪಟ್ಟು ವೇಗದಲ್ಲಿ ಹೊರಹಾಕುತ್ತವೆ. ಇದು ದಿನವಿಡೀ ಬಡಿದರೂ 50 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಗಲ ಕಡಿಮೆಯಾದ್ದರಿಂದ ಒಂದು ಪ್ಯಾಂಟಿಗೇ ಸುಮಾರು 3 ಗಜ ಬೇಕು. ಆದರೆ ಅಂಚು ನೋಡಿ. ಲಾಳಿ ತುದಿಯವರೆಗೆ ಹೋಗಿ ಅದೇ ನೂಲನ್ನು ಹಿಂದಕ್ಕೆ ಎಳೆದು ತರುವುದರಿಂದ ಅಂಚು ತಾನಾಗಿಯೇ ಮುಚ್ಚಿಕೊಂಡಿದೆ, ಬಿಚ್ಚುವ ಭಯವಿಲ್ಲ. ಬೆಳ್ಳನೆಯ ಆ ಅಂಚಿನೊಳಗೆ ಒಂದೇ ಒಂದು ಕೆಂಪು ಎಳೆ ಉದ್ದಕ್ಕೂ ಓಡಿದೆ. ಇದರ ಮೂಲ ಅಮೆರಿಕದಲ್ಲಿ. ಅಮೆರಿಕದ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬೊರೊ ಊರಿನಲ್ಲಿ ಕೋನ್ ಕುಟುಂಬದವರ ವೈಟ್ ಓಕ್ ಗಿರಣಿ 1905ರಲ್ಲಿ ಶುರುವಾಗಿ, 1915ರಿಂದ ಸ್ಯಾನ್ ಫ್ರಾನ್ಸಿಸ್ಕೊದ ಲೀವೈ ಸ್ಟ್ರಾಸ್ ಕಂಪನಿಗೆ ಡೆನಿಮ್ ಕೊಡತೊಡಗಿತು. ಗಿರಣಿಯಲ್ಲಿ ಹತ್ತಾರು ಗಿರಾಕಿಗಳ ಥಾನುಗಳು ಒಟ್ಟಿಗೆ ಬಿದ್ದಿರುವಾಗ ಯಾವುದು ಯಾರದು ಎಂದು ಗುರುತಿಸಲು ಹಾಕಿದ ಗುರುತು ಈ ಕೆಂಪು. ಕೆಲಸದವರ ಅನುಕೂಲಕ್ಕೆ ಹುಟ್ಟಿದ ಆ ಗುರುತನ್ನು ಕಾಣಿಸಲೆಂದೇ ಇಂದು ಜನ ಪ್ಯಾಂಟಿನ ಕಾಲು ಮಡಚಿ ನಡೆಯುತ್ತಾರೆ. ವೈಟ್ ಓಕ್ 2017ರ ಡಿಸೆಂಬರ್ 31ರಂದು ಬಾಗಿಲು ಹಾಕಿತು.

ಬೆರಳಿನಿಂದ ಬಟ್ಟೆಯನ್ನು ಸವರಿದರೆ ನುಣುಪಿಲ್ಲ. ನೂಲು ಒಂದೆಡೆ ತುಸು ದಪ್ಪ, ಒಂದೆಡೆ ತುಸು ತೆಳು. ಅಲ್ಲಲ್ಲಿ ಅರಳೆಯ ಸಣ್ಣ ಗಂಟು. ಹಳೆಯ ಗಿರಣಿಗಳಲ್ಲಿ ಇದು ಯಾರೂ ಬಯಸಿ ಮಾಡಿದ್ದಲ್ಲ, ಅಂದಿನ ನೂಲುವ ಯಂತ್ರಗಳಿಂದ ಅಷ್ಟೇ ಸಾಧ್ಯವಿತ್ತು. ಈಗ ನೂಲು ತೆಗೆಯುವಾಗಲೇ ಎಷ್ಟು ದೂರಕ್ಕೊಮ್ಮೆ ದಪ್ಪ ಬರಬೇಕು, ಎಷ್ಟು ದಪ್ಪ ಬರಬೇಕು ಎಂದು ಹಳೆಯ ಪ್ಯಾಂಟಿನ ಎಳೆ ಬಿಚ್ಚಿ ನೋಡಿ ನಿರ್ಧರಿಸುತ್ತಾರೆ. ಒಗೆದೊಗೆದು ಬಣ್ಣ ಬಿಡುವಾಗ ದಪ್ಪ ಜಾಗ ಮೊದಲು ಸವೆದು, ಮೇಲಿಂದ ಕೆಳಕ್ಕೆ ಉದ್ದನೆಯ ಬಿಳಿ ಗೀರುಗಳು ಮೂಡುತ್ತವೆ. ಮಳೆ ಇಳಿದಂತಿರುವ ಆ ಗೀರುಗಳಿಗಾಗಿಯೇ ಇಷ್ಟೆಲ್ಲ ಹಟ.

ಬಣ್ಣದ ಕೆಲಸ ಮುಗಿದಿರುವುದು ನೇಯ್ಗೆಗೂ ಮೊದಲೇ, ಪಕ್ಕದ ಇಬಾರಾ ಮತ್ತು ಫುಕುಯಾಮಾ ಕಡೆಯ ಬಣ್ಣದ ಕಾರ್ಖಾನೆಗಳಲ್ಲಿ. ಅಲ್ಲಿನ ನೆಲ ಸದಾ ಒದ್ದೆ, ಗಾಳಿಯಲ್ಲಿ ಕ್ಷಾರದ ಘಾಟು. ನೂರಾರು ಹಾಸಿನ ಎಳೆಗಳನ್ನು ಒಟ್ಟುಗೂಡಿಸಿ ಹಗ್ಗ ಮಾಡಿ, ಆ ಹಗ್ಗವನ್ನು ನೀಲಿಯ ತೊಟ್ಟಿಯಲ್ಲಿ ಮುಳುಗಿಸಿ ಮೇಲೆತ್ತುತ್ತಾರೆ. ತೊಟ್ಟಿಯಿಂದ ಎದ್ದ ಕ್ಷಣದಲ್ಲಿ ಅದು ನೀಲಿಯಲ್ಲ, ಬಾಳೆಯ ಸುಳಿಯಂಥ ಎಳೆ ಹಳದಿ ಹಸಿರು. ರಾಟೆಯಿಂದ ರಾಟೆಗೆ ಎತ್ತರಕ್ಕೆ ಏರುತ್ತಾ ಗಾಳಿ ತಾಗಿದಂತೆ ಹಸಿರು ಕಪ್ಪಾಗಿ, ಕಪ್ಪು ನೀಲಿಯಾಗಿ, ಇಳಿದು ಮತ್ತೆ ಮುಳುಗಿ, ಮತ್ತೆ ಎದ್ದು, ಹೀಗೆ ಹಲವು ಸಲ. ನೀಲಿ ನೀರಿನಲ್ಲಿ ಕರಗುವ ಬಣ್ಣವಲ್ಲ. ಪ್ರಾಣವಾಯು ತೆಗೆದು ಕರಗಿಸಬೇಕು, ಗಾಳಿಗೆ ಒಡ್ಡಿ ಮತ್ತೆ ಗಟ್ಟಿಯಾಗಿಸಬೇಕು. ಹಾಗಾಗಿ ಅದು ಎಳೆಯ ಮೈಮೇಲೆ ಪದರ ಪದರವಾಗಿ ಕೂರುತ್ತದೆಯೇ ಹೊರತು ಒಡಲಿಗೆ ಇಳಿಯುವುದಿಲ್ಲ. ಕಡುನೀಲಿ ನೂಲನ್ನು ಕತ್ತರಿಸಿ ತುದಿ ನೋಡಿದರೆ ನಟ್ಟನಡುವೆ ಬಿಳಿಯ ಚುಕ್ಕೆ ಹಾಗೇ ಉಳಿದಿರುತ್ತದೆ. ಜೀನ್ಸ್ ಹಳತಾದಂತೆ ಚೆಲುವಾಗುವುದು ಈ ಬಿಳಿ ಚುಕ್ಕೆಯಿಂದ. ಫುಕುಯಾಮಾದ ಕೈಹಾರಾ ಗಿರಣಿಯವರು 1893ರಿಂದಲೂ ನೀಲಿ ಬಣ್ಣದ ಕಸುರಿ ಬಟ್ಟೆ ಮಾಡುತ್ತಿದ್ದವರು. ಕಿಮೋನೊ ಉಡುವವರು ಕಡಿಮೆಯಾದಾಗ, 1970ರಲ್ಲಿ, ಹಗ್ಗದ ಬಣ್ಣದ ಯಂತ್ರವನ್ನು ತಾವೇ ಕಟ್ಟಿಕೊಂಡರು. ತೊಟ್ಟಿಯಲ್ಲಿರುವುದು ಇಂದು ಬಹುತೇಕ ಪ್ರಯೋಗಾಲಯದ ನೀಲಿ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಬಿಹಾರದ ನೀಲಿ ತೋಟಗಳ ವ್ಯಾಪಾರ ಕುಸಿಯಿತು. ಕುಸಿತದ ಭಾರವನ್ನು ತೋಟದ ದೊರೆಗಳು ಒಕ್ಕಲಿನ ಮೇಲೆ ಹೇರಿದ್ದೇ 1917ರಲ್ಲಿ ಗಾಂಧೀಜಿಯವರನ್ನು ಚಂಪಾರಣ್ಯಕ್ಕೆ ಕರೆಸಿತು. ನೀಲಿಯ ಯಾವ ತೊಟ್ಟಿಯ ಎದುರು ನಿಂತರೂ ನಮ್ಮ ಮಂದಿಗೆ ಅದು ನೆನಪಾಗದೆ ಇರದು.

ಅಮೆರಿಕದ ಹಳೆಯ ಜೀನ್ಸನ್ನು ಇದ್ದಂತೆಯೇ ಮತ್ತೆ ಮಾಡುವ ಹೊಲಿಗೆ ಮನೆಯ ಮೇಲಂತಸ್ತಿನಲ್ಲಿ ಒಂದು ಉದ್ದನೆಯ ಮೇಜು. ಮೇಲೆ ಟ್ಯೂಬ್‌ಲೈಟು, ಮೇಜಿನ ಮೇಲೆ ಒಳಹೊರಗು ಮಾಡಿ ಹರಡಿದ ಹಳೆಯ ಲೀವೈಸ್ ಪ್ಯಾಂಟು, ಪಕ್ಕದಲ್ಲಿ ಭೂತಗಾಜು, ಅಳತೆಪಟ್ಟಿ, ಚೂಪು ತುದಿಯ ಪೆನ್ಸಿಲು. ಮಾದರಿ ಕತ್ತರಿಸುವವರು ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಎಣಿಸಿ ಬರೆದುಕೊಳ್ಳುತ್ತಾರೆ, ಯಾವ ಹೊಲಿಗೆಗೆ ಹಳದಿ ದಾರ, ಯಾವುದಕ್ಕೆ ಕಿತ್ತಳೆ ದಾರ, ಎಲ್ಲಿ ಸರಪಳಿ ಹೊಲಿಗೆ, ಎಲ್ಲಿ ಒಂಟಿ ಸೂಜಿಯ ಹೊಲಿಗೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಇಷ್ಟು ಮೈಗೆ ಹತ್ತಿರ ಬಂದು ನೋಡುವುದಕ್ಕೆ ಕಾರಣವಿದೆ. 1906ರ ಭೂಕಂಪದಲ್ಲಿ, ಅದರ ಬೆನ್ನಿಗೇ ಎದ್ದ ಬೆಂಕಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಲೀವೈಸ್ ಕಚೇರಿ ಸುಟ್ಟುಹೋಯಿತು. ಲೆಕ್ಕದ ಪುಸ್ತಕ, ಕಾಗದಪತ್ರ, ಮಾದರಿ ಏನೂ ಉಳಿಯಲಿಲ್ಲ. ಮೊದಲ ಮೂರು ದಶಕದ ಜೀನ್ಸ್ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಹೇಳಬೇಕಾದ್ದು ಗಣಿಯಲ್ಲಿ, ಕೊಟ್ಟಿಗೆಯಲ್ಲಿ ಬಿದ್ದು ಉಳಿದ ಪ್ಯಾಂಟುಗಳೇ.

ಮೇಜಿನ ಮೇಲಿನ ಪ್ಯಾಂಟಿನ ಜೇಬಿನ ಮೂಲೆಗೆ ಬೆರಳಿಟ್ಟು ನೋಡಿ. ತಣ್ಣನೆಯ ತಾಮ್ರದ ಗುಂಡು ತಲೆ. ನೆವಾಡಾದ ರೀನೊ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದ. ಈಗಿನ ಲಾಟ್ವಿಯಾದ ರೀಗಾದಿಂದ ಬಂದವನು, ಡೇರೆ, ಕುದುರೆಯ ಹೊದಿಕೆ, ಗಾಡಿಯ ಮುಸುಕು ಹೊಲಿಯುವವನು. ಮರ ಕಡಿಯುವವನ ಹೆಂಡತಿಯೊಬ್ಬಳು ಬಂದು, ಗಂಡನಿಗೆ ಹರಿಯದ ಪ್ಯಾಂಟು ಹೊಲಿದು ಕೊಡಪ್ಪ ಎಂದು 3 ಡಾಲರು ಮುಂಗಡ ಕೊಟ್ಟಳು. ಪ್ಯಾಂಟು ಹೊಲಿದಾಯಿತು, ಕುದುರೆ ಹೊದಿಕೆಗೆ ಪಟ್ಟಿ ಬಿಗಿಯಲು ಬಳಸುವ ರಿವೆಟ್ಟುಗಳು ಮೇಜಿನ ಮೇಲೆ ಬಿದ್ದಿದ್ದವು, ಜೇಬಿನ ಮೂಲೆಗೆ ಬಡಿದ. ಮಾತು ಹಬ್ಬಿ ಗಿರಾಕಿಗಳು ಸಾಲುಗಟ್ಟಿದರು. ಪೇಟೆಂಟಿಗೆ ಬೇಕಾದ ದುಡ್ಡು ಅವನ ಹತ್ತಿರ ಇರಲಿಲ್ಲ. ಬಟ್ಟೆ ಕೊಡುತ್ತಿದ್ದ ಸಗಟು ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. ಇಬ್ಬರ ಹೆಸರಿನಲ್ಲಿ 1873ರ ಮೇ 20ರಂದು ಅಮೆರಿಕದ 1,39,121ನೇ ಪೇಟೆಂಟು ಹೊರಬಿತ್ತು. ಜಗತ್ತಿನ ಇಷ್ಟೊಂದು ಜನ ತೊಡುವ ಉಡುಪಿನ ಹಿಂದೆ ಹೆಸರು ಉಳಿಯದ ಆ ಹೆಣ್ಣುಮಗಳಿದ್ದಾಳೆ. ಪುಸ್ತಕಗಳು ದರ್ಜಿಯನ್ನೂ ವ್ಯಾಪಾರಿಯನ್ನೂ ಹೊಗಳುತ್ತವೆ. ನನಗೆ ಅವಳ ಮೇಲೆಯೇ ಹೆಚ್ಚು ಗೌರವ.

ಹೀಗೆ ಇಡೀ ಪ್ಯಾಂಟನ್ನು ಓದುತ್ತಾ ಹೋಗಬಹುದು. ಹಿಂದೆ ಒಂದೇ ಜೇಬಿದ್ದರೆ 1901ಕ್ಕೂ ಮೊದಲಿನದು. ಆಮೇಲೆ ಎಡಕ್ಕೂ ಒಂದು ಬಂತು. ಸೊಂಟದ ಸುತ್ತ ಭುಜಪಟ್ಟಿ ಸಿಕ್ಕಿಸುವ ಗುಂಡಿಗಳು, ಬೆನ್ನಿಗೆ ಬಿಗಿದುಕೊಳ್ಳುವ ಬಕಲ್ ಪಟ್ಟಿ ಮಾತ್ರ ಇದ್ದು ಬೆಲ್ಟಿನ ಲೂಪು ಇಲ್ಲದಿದ್ದರೆ 1922ಕ್ಕೂ ಹಿಂದಿನದು. ಬಲಗಡೆ ಮುಂದಿನ ಜೇಬಿನೊಳಗೆ ಅಡಗಿದ ಪುಟ್ಟ ಜೇಬು ಸರಪಳಿ ಗಡಿಯಾರ ಇಡಲು ಮಾಡಿದ್ದು, ಮೊದಲಿನಿಂದಲೂ ಇದೆ. ಸೊಂಟದ ಚರ್ಮದ ಚೀಟಿಯ ಮೇಲೆ ಎರಡು ಕುದುರೆಗಳು ಒಂದು ಪ್ಯಾಂಟನ್ನು ಎರಡು ದಿಕ್ಕಿಗೆ ಎಳೆಯುವ ಚಿತ್ರ 1886ರಿಂದ ಬಂತು. ಜೇಬಿನ ಪಕ್ಕದ ಕೆಂಪು ಪಟ್ಟಿ ಅಂಟಿದ್ದು 1936ರಲ್ಲಿ, ದೂರದಿಂದಲೇ ಇದು ತಮ್ಮದು ಎಂದು ಗೊತ್ತಾಗಲಿ ಎಂದು.

ಹಿಂದಿನ ಜೇಬಿನ ರಿವೆಟ್ಟು ಮಾತ್ರ ಬಹಳ ಕಷ್ಟ ಕೊಟ್ಟಿತು. ಕುದುರೆ ಸವಾರರ ಜೀನು ಗೀರಿತು, ಶಾಲೆಯ ಬೆಂಚು ಗೀರಿತು, ಮನೆಯ ಕುರ್ಚಿ ಗೀರಿತು. ಕಿತ್ತುಹಾಕಿದರೆ ಜೇಬು ಹರಿಯುತ್ತದೆ. 1937ರಲ್ಲಿ ಅದಕ್ಕೊಂದು ಉಪಾಯ ಹೂಡಿದರು: ರಿವೆಟ್ಟು ಇರಲಿ, ಕಾಣದಿರಲಿ. ಇಲ್ಲಿ ಕೊಜಿಮಾದಲ್ಲಿ ಆ ಕೆಲಸವನ್ನು ಹತ್ತಿರದಿಂದ ನೋಡಬಹುದು. ಜೇಬಿನ ಬಟ್ಟೆಯ ಮೂಲೆಯನ್ನು ಪ್ಯಾಂಟಿನ ಮೇಲಿಟ್ಟು ಮೊದಲು ರಿವೆಟ್ಟು ಬಡಿಯುತ್ತಾರೆ. ಆಮೇಲೆ ಜೇಬಿನ ಅಂಚನ್ನು ಅದರ ಮೇಲೆ ಮಡಚಿ ಕೂರಿಸಿ, ಸೂಜಿ ಲೋಹಕ್ಕೆ ತಾಗದಂತೆ ಸುತ್ತು ಬಳಸಿ ಹೊಲಿಯುತ್ತಾರೆ. ಒಂದು ಕೂದಲೆಳೆ ತಪ್ಪಿದರೆ ಟಿಕ್ ಎಂದು ಸೂಜಿ ಮುರಿಯುತ್ತದೆ. ಹೊಲಿಯುವಾಕೆ ಆ ಮೂಲೆಗೆ ಬಂದಾಗ ಪೆಡಲ್ ಮೇಲಿನ ಪಾದವನ್ನು ಸಡಿಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಇಳಿಸುತ್ತಾಳೆ. ಉಸಿರು ಹಿಡಿದಿರುವುದು ಅವಳ ಹೆಗಲಿನಿಂದ ಗೊತ್ತಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ವರ್ಷಗಟ್ಟಲೆ ತೊಟ್ಟು ಬಟ್ಟೆ ಸವೆದ ಮೇಲೆ, ಆ ಜಾಗದಲ್ಲಿ ಮೊದಲು ಬಿಳಿ ಬೊಟ್ಟು ಮೂಡಿ, ಆಮೇಲೆ ತೂತಾಗಿ ತಾಮ್ರ ಇಣುಕುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಕೈಬಿಟ್ಟು, ದಾರದಿಂದಲೇ ಒತ್ತಾಗಿ ಹೊಲಿಯುವ ಬಾರ್‌ಟ್ಯಾಕ್ ತಂದರು. ಅದು ಗಟ್ಟಿ, ಅಗ್ಗ, ಬೇಗ ಆಗುತ್ತದೆ. ಕೊಜಿಮಾ ಹಳೆಯದನ್ನೇ ಹಿಡಿದಿದೆ.

ಕಾಲುಗಳು ಕೂಡುವ ಕವಲಿನಲ್ಲೂ ಮೊದಲು ಒಂದು ರಿವೆಟ್ಟಿತ್ತು. ಚಳಿಗೆ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ ದನಗಾಹಿಗಳಿಗೆ ಅದು ಕಾದು ಸುಡುತ್ತಿತ್ತಂತೆ. ಕಂಪನಿಯ ಮುಖ್ಯಸ್ಥರೇ ಒಮ್ಮೆ ಬೆಂಕಿ ಕಾಯಿಸಲು ಕೂತು ಅನುಭವಿಸಿ ಎದ್ದರು ಎಂಬ ಕಥೆ ಇದೆ. ಆ ರಿವೆಟ್ಟು ಹೋದದ್ದು ನಿಜ. ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಜೊತೆ ಇನ್ನೂ ಎಷ್ಟೋ ಹೋದವು.

ಯುದ್ಧಕಾಲದ ಆ ಪ್ಯಾಂಟಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಲೋಹವೆಲ್ಲ ಸೈನ್ಯಕ್ಕೆ, ದಾರವನ್ನೂ ಹಿತಮಿತವಾಗಿ ಬಳಸಬೇಕು ಎಂದು ಅಮೆರಿಕದ ಸರ್ಕಾರ ಕಟ್ಟಪ್ಪಣೆ ಮಾಡಿತು. ಬೆನ್ನಿನ ಬಕಲ್ ಹೋಯಿತು. ಗಡಿಯಾರದ ಜೇಬಿನ ರಿವೆಟ್ಟು ಹೋಯಿತು. ಕಂಪನಿಯ ಹೆಸರು ಕೊರೆದ ಗುಂಡಿಯ ಬದಲು, ಸಂತೆಯಲ್ಲಿ ಯಾರಿಗೂ ಸಿಗುವಂಥ, ನಡುವೆ ತೂತಿನ ಗುಂಡಿಯೋ ಎಲೆಬಳ್ಳಿ ಅಚ್ಚಿನ ಗುಂಡಿಯೋ ಬಂತು. ಜೇಬಿನ ಒಳಚೀಲಕ್ಕೆ ಒಂದೇ ಬಗೆಯ ಬಿಳಿ ಬಟ್ಟೆ ಸಿಗದೆ, ಕೈಗೆ ಬಂದ ಬಟ್ಟೆಯನ್ನು ಕತ್ತರಿಸಿ ಹಾಕಿದರು. ಒಂದರೊಳಗೆ ಸೈನ್ಯದ ಹಸಿರು, ಇನ್ನೊಂದರೊಳಗೆ ಚೌಕಳಿ. ಹಿಂದಿನ ಜೇಬುಗಳ ಮೇಲೆ 1873ರಿಂದಲೂ ಇದ್ದ, ಹಕ್ಕಿ ರೆಕ್ಕೆ ಬಿಚ್ಚಿದಂಥ ಜೋಡಿ ಕಮಾನಿನ ಹೊಲಿಗೆಗೆ ಕುತ್ತು ಬಂತು. ಜೇಬನ್ನು ಹಿಡಿದು ನಿಲ್ಲಿಸುವ ಕೆಲಸವೇನೂ ಮಾಡದ ಅಲಂಕಾರಕ್ಕೆ ದಾರ ಕೊಡಲಾಗದು. ಆದರೆ ಆ ಕಮಾನಿಲ್ಲದೆ ಗಿರಾಕಿ ಹೇಗೆ ಗುರುತಿಸಬೇಕು? ಕಾರ್ಖಾನೆಯ ಹೆಂಗಸರು ಕುಂಚ ಹಿಡಿದು ಆ ಕಮಾನನ್ನು ಒಂದೊಂದು ಜೇಬಿನ ಮೇಲೂ ಬಣ್ಣದಲ್ಲಿ ಬರೆದರು. ಕೆಲವು ಒಗೆತಕ್ಕೆ ಬಣ್ಣ ಕಳಚಿ ಹೋಗುತ್ತಿತ್ತು. ಹೆಸರೂ ಸರಳ: ಮಾಮೂಲಿ ಮಾದರಿಯ 501 ಎಂಬ ಅಂಕಿಯ ಮೊದಲು, ಸರಳಗೊಳಿಸಿದ್ದು ಎಂದು ಸೂಚಿಸಲು, ಒಂದು ಎಸ್ ಅಕ್ಷರ.

ಈಗ ಕೊಜಿಮಾದ ಮೇಜಿನ ಮೇಲೆ ಅದೇ ಪ್ಯಾಂಟು ಮತ್ತೆ ಹುಟ್ಟುತ್ತಿದೆ. ದಾರಕ್ಕೆ ಬರವಿಲ್ಲ, ಲೋಹಕ್ಕೆ ಬರವಿಲ್ಲ, ಆದರೂ ಕುಂಚದಲ್ಲೇ ಕಮಾನು ಬರೆಯುತ್ತಾರೆ, ತೊಳೆದರೆ ಹೋಗುವ ಬಣ್ಣವನ್ನೇ ಆರಿಸಿಕೊಳ್ಳುತ್ತಾರೆ, ಒಳಚೀಲಕ್ಕೆ ಬೇಕೆಂದೇ ಬೇರೆ ಬೇರೆ ಬಟ್ಟೆ ಹಾಕುತ್ತಾರೆ. ಇದನ್ನು ಹುಚ್ಚು ಎನ್ನುವವರಿದ್ದಾರೆ. ಮೇಜಿನ ಪಕ್ಕ ನಿಂತು ನೋಡಿದವರಿಗೆ ಹಾಗನ್ನಿಸುವುದಿಲ್ಲ. ಅಂದು ಆ ಕಾರ್ಖಾನೆಯಲ್ಲಿ ಕೂತಿದ್ದವಳು ಇಲ್ಲದುದರ ನಡುವೆ ಏನು ಮಾಡಿ ತನ್ನ ಕೆಲಸದ ಮಾನ ಉಳಿಸಿಕೊಂಡಳು ಎಂಬುದನ್ನು ತಿಳಿಯಲು, ಅವಳು ಮಾಡಿದ್ದನ್ನು ಅವಳಂತೆಯೇ ಮಾಡಿ ನೋಡುವುದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಯುದ್ಧ ಮುಗಿದ ಮೇಲಿನ 1947ರ ಮಾದರಿಯಲ್ಲಿ ಕಮಾನು ಮರಳಿ ಬಂತು, ಈ ಸಲ ಎರಡು ಸೂಜಿಯ ಯಂತ್ರದಿಂದ. ಎರಡು ಗೆರೆಗಳು ನಡುವೆ ಕೂಡುವಲ್ಲಿ ಪುಟ್ಟ ವಜ್ರದಾಕಾರ ಮೂಡಿತು. ಇಂದು ಮರುಮಾದರಿಗಳಲ್ಲಿ ಎಲ್ಲರೂ ಹೆಚ್ಚಾಗಿ ಕೇಳುವುದು ಆ 1947ರದನ್ನೇ. ಚೆಂದವಿದೆ, ಒಪ್ಪುತ್ತೇನೆ, ಕುಂಚದ ಕಮಾನಿನ ಮುಂದೆ ಅದು ಯಾಕೋ ನನಗೆ ಸ್ವಲ್ಪ ಸಪ್ಪೆ.

ಬೆನ್ನಿನ ನಡುವಿನ ಬೆಲ್ಟ್ ಲೂಪು ನೋಡಿ, ಸರಿಯಾಗಿ ನಡುವೆ ಇಲ್ಲ, ಒಂದಿಷ್ಟು ಪಕ್ಕಕ್ಕೆ ಸರಿದಿದೆ. ನಾಲ್ಕಾರು ಪದರ ಬಟ್ಟೆ ಒಂದರ ಮೇಲೊಂದು ಮಡಚಿಕೊಂಡ ಆ ನಟ್ಟನಡುವಿನ ದಿಬ್ಬದ ಮೇಲೆ ಸೂಜಿ ಇಳಿಯುತ್ತಿರಲಿಲ್ಲ. ಹೊಲಿಯುವವರು ಲೂಪನ್ನು ಪಕ್ಕಕ್ಕೆ ಜರುಗಿಸಿ ಕೆಲಸ ಸುಲಭ ಮಾಡಿಕೊಂಡರು. ಸೊಂಟದ ಮೇಲಿನ ಗುಂಡಿಯ ಪಕ್ಕ ವಿ ಆಕಾರದಲ್ಲಿ ಓರೆಯಾಗಿ ಇಳಿದ ಹೊಲಿಗೆಯೂ ಅಷ್ಟೇ, ದಾರ ಕಡಿಯದೆ ಸೊಂಟಪಟ್ಟಿಯಿಂದ ಕೆಳಗಿಳಿದು ಮುಂದಕ್ಕೆ ಹೋದ ಕೈಯ ಜಾಡು. ಎರಡನ್ನೂ ಅಳತೆ ಹಿಡಿದು ನಕಲು ಮಾಡುತ್ತಾರೆ. ಮಿಕ್ಕ ಎರಡು ಮನೆತನಗಳ ಗುರುತುಗಳೂ ಇವರಿಗೆ ಬಾಯಿಪಾಠ: ಲೀ ಕಂಪನಿ 1924ರಿಂದ ದನಗಾಹಿಗಳಿಗೆಂದು ಮಾಡಿದ ಪ್ಯಾಂಟಿನ ಕೂದಲು ಸಮೇತದ ತೊಗಲಿನ ಚೀಟಿ, 1947ರಲ್ಲಿ ರೋಡಿಯೊ ಬೆನ್ ಎಂಬ ದರ್ಜಿಯ ಕೈಯಲ್ಲಿ ರೂಪುಗೊಂಡ ರ‍್ಯಾಂಗ್ಲರ್‌ನ, ಜೀನು ಗೀರದ ಚಪ್ಪಟೆ ರಿವೆಟ್ಟು.

ಹಳೆಯದರಲ್ಲಿ ಇದ್ದದ್ದೆಲ್ಲ ಹೆಮ್ಮೆಯದಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆದ ಹರಾಜಿನಲ್ಲಿ 1880ರ ದಶಕದ ಲೀವೈಸ್ ಪ್ಯಾಂಟೊಂದು 76,000 ಡಾಲರಿಗೆ ಹೋಯಿತು. ಪಾಳುಬಿದ್ದ ಗಣಿಯಲ್ಲಿ ಸಿಕ್ಕಿದ್ದು. ಹಿಂದೆ ಒಂದೇ ಜೇಬು, ಬೆನ್ನಿಗೆ ಬಕಲ್, ಅಲ್ಲಲ್ಲಿ ಮೇಣದಬತ್ತಿಯ ಹನಿ. ಗಣಿಯ ಕತ್ತಲಲ್ಲಿ ಬತ್ತಿ ಹಿಡಿದು ಬಗ್ಗಿ ದುಡಿದವನ ತೊಡೆಯ ಮೇಲೆ ಬಿದ್ದ ಮೇಣ ನೂರಮೂವತ್ತು ವರ್ಷ ದಾಟಿ ಉಳಿದಿದೆ. ಜೇಬಿನ ಒಳಚೀಲದ ಮೇಲೆ ಅಚ್ಚಾದ ಸಾಲೂ ಉಳಿದಿದೆ: ಇದು ಬಿಳಿಯ ಕೆಲಸಗಾರರೇ ಮಾಡಿದ ಒಂದೇ ಬಗೆ ಎಂಬ ಅರ್ಥದ ಜಾಹೀರಾತು. 1882ರಲ್ಲಿ ಚೀನೀಯರು ದೇಶದೊಳಕ್ಕೆ ಬರದಂತೆ ಕಾನೂನು ಮಾಡಿದ ಕಾಲವದು. ಅವರನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ ಎಂಬುದನ್ನು ಹೇಳಿಕೊಂಡರೆ ಮಾಲು ಮಾರಾಟವಾಗುತ್ತಿತ್ತು. 1890ರ ದಶಕದಲ್ಲಿ ಕಂಪನಿ ಆ ನೀತಿ ಕೈಬಿಟ್ಟಿತು. ಹಳೆಯ ಬಟ್ಟೆಯನ್ನು ಪ್ರೀತಿಸುವವರು ಒಳಚೀಲವನ್ನೂ ಹೊರಗೆಳೆದು ಓದಬೇಕು, ಕಮಾನಿನ ಚೆಂದ ನೋಡಿ ಅಷ್ಟಕ್ಕೇ ನಿಲ್ಲಬಾರದು.

ಈ ಹುಡುಕಾಟ ಹತ್ತಿದ್ದು ಜಪಾನಿಗೆ, ಅದೂ ಯುದ್ಧದಲ್ಲಿ ಸೋತ ಜಪಾನಿಗೆ. ಟೋಕಿಯೊದ ಉಎನೊ ಬಳಿಯ ಅಮೆಯೊಕೊ ಸಂತೆಯಲ್ಲಿ ಅಮೆರಿಕದ ಸೈನಿಕರ ಹಳೆಯ ಪ್ಯಾಂಟುಗಳು ಮಾರಾಟಕ್ಕೆ ಬರುತ್ತಿದ್ದವು. 1980ರ ದಶಕದಲ್ಲಿ ಯೆನ್ ಬಲವಾದ ಮೇಲೆ ವ್ಯಾಪಾರಿಗಳು ಅಮೆರಿಕದ ಹಳ್ಳಿ ಹಳ್ಳಿ ಸುತ್ತಿ, ಅಂಗಡಿಗಳ ಅಟ್ಟದಲ್ಲಿ ಮಾರಾಟವಾಗದೆ ಬಿದ್ದ ಹಳೆಯ ದಾಸ್ತಾನನ್ನು ಮೂಟೆ ಕಟ್ಟಿ ತಂದರು. ಅಷ್ಟು ಹೊತ್ತಿಗೆ ಅಮೆರಿಕ ಅಗಲದ ಮಗ್ಗಕ್ಕೆ ಹೋಗಿ ಕೆಂಪಂಚನ್ನೇ ಮರೆತಿತ್ತು. ಇತ್ತ ಒಸಾಕಾ ಆಸುಪಾಸಿನ ಕೆಲವರು ತಾವೇ ಮಾಡಲು ನಿಂತರು: 1979ರಲ್ಲಿ ಸ್ಟುಡಿಯೊ ಡಾರ್ಟಿಸಾನ್, ಆಮೇಲೆ ಡೆನಿಮೆ, ಎವಿಸು, ಫುಲ್‌ಕೌಂಟ್, 1995ರಲ್ಲಿ ವೇರ್‌ಹೌಸ್. ಅವರ ಬಟ್ಟೆ ಮತ್ತು ಹೊಲಿಗೆಯ ಬೇರು ಬಹುಮಟ್ಟಿಗೆ ಈ ಒಕಾಯಾಮಾ ಸೀಮೆಯಲ್ಲೇ. ನಕಲು ಎಷ್ಟು ಹತ್ತಿರ ಹೋಯಿತೆಂದರೆ 2007ರಲ್ಲಿ ಲೀವೈಸ್ ಕಂಪನಿ ಕೆಲವು ಜಪಾನಿ ತಯಾರಕರ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತು. ಆಮೇಲೆ ಕಮಾನಿನ ಜಾಗದಲ್ಲಿ ಅವರವರದೇ ಗೆರೆಗಳು ಬಂದವು. ಒಕಾಯಾಮಾದ ಜಾನಪದ ವೀರ ಮೊಮೊತಾರೊನ ಹೆಸರಿಟ್ಟುಕೊಂಡ ಜೀನ್ಸಿನ ಜೇಬಿನ ಮೇಲಂತೂ ದಪ್ಪನೆಯ ಎರಡು ಬಿಳಿ ಪಟ್ಟೆ. ಹಳೆಯ ಗುರುತು ಹೋದರೂ ಒಳಗಿನ ರಿವೆಟ್ಟು, ಸರಿದ ಲೂಪು, ವಿ ಹೊಲಿಗೆ ಎಲ್ಲ ಉಳಿದವು.

ಕೆಳಗಿನ ಹೊಲಿಗೆ ಮನೆಗೆ ಇಳಿದರೆ ಮತ್ತೆ ಸದ್ದು, ಆದರೆ ಮಗ್ಗದ ಸದ್ದಿನಂತಲ್ಲ. ಗುಯ್ಯೆಂದು ಎದ್ದು, ನಿಂತು, ಮತ್ತೆ ಏಳುತ್ತದೆ. ಒಬ್ಬರು ಜೇಬು ಮಾತ್ರ, ಒಬ್ಬರು ಮುಂಭಾಗದ ಗುಂಡಿಪಟ್ಟಿ ಮಾತ್ರ, ಒಬ್ಬರು ಕಾಜ ಮಾತ್ರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳನ್ನು ಕಂಡವರಿಗೆ ಈ ಹಂಚಿಕೆ ಹೊಸದಲ್ಲ. ಅಲ್ಲಿಯೂ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ತೊಳೆಯುವುದು ಮತ್ತೊಂದು ಕಡೆ. ಇಲ್ಲಿನ ಯಂತ್ರಗಳ ಮುಂದೆ ಕೂತವರಲ್ಲಿ ತಲೆ ನೆರೆತ ಅಜ್ಜಿಯಂದಿರು ಕಾಣುತ್ತಾರೆ. ಹತ್ತಿ ದಾರವನ್ನೇ ಬಳಸುವುದರಿಂದ ಅದು ಪದೇ ಪದೇ ಕಡಿಯುತ್ತದೆ. ಬೇಸರವಿಲ್ಲದೆ ಮತ್ತೆ ಪೋಣಿಸಿಕೊಳ್ಳುತ್ತಾರೆ. ಪಾಲಿಯೆಸ್ಟರ್ ದಾರ ಕಡಿಯದು, ಆದರೆ ಬಟ್ಟೆ ಬಣ್ಣ ಬಿಟ್ಟರೂ ಅದು ಹೊಚ್ಚಹೊಸದಾಗಿ ಹೊಳೆಯುತ್ತಾ ಉಳಿದುಬಿಡುತ್ತದೆ. ಹತ್ತಿಯ ದಾರ ಬಟ್ಟೆಯ ಜೊತೆಗೇ ಹಳತಾಗುತ್ತದೆ.

ಇಷ್ಟೆಲ್ಲ ಆಗಿ ಅಂಗಡಿಗೆ ಬಂದ ಪ್ಯಾಂಟಿಗೆ 20 ಸಾವಿರ ಯೆನ್ ಮೇಲೆಯೇ ಬೆಲೆ. ನೀರು ಕಾಣದ ಹೊಸ ಬಟ್ಟೆ ಗಂಜಿಗೆ ಬಿರುಸಾಗಿ, ನೆಲದ ಮೇಲೆ ಇಟ್ಟರೆ ತಾನಾಗಿ ನಿಲ್ಲುತ್ತದೆ. ತೊಡಲು ಹೋದರೆ ಮೊಣಕಾಲು ಮಡಚುವುದೇ ಕಷ್ಟ. ಮೊದಲು ಬಿಸಿನೀರಿನಲ್ಲಿ ನೆನೆಹಾಕಬೇಕು; ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿ ಆಮೇಲೆ ನೀಲಿಯಾಗುತ್ತದೆ, ಬಟ್ಟೆ ನೂರಕ್ಕೆ ಎಂಟು ಹತ್ತು ಪಾಲು ಕುಗ್ಗುತ್ತದೆ. ಒಗೆದರೆ ಕುಗ್ಗದಂತೆ ಬಟ್ಟೆಯನ್ನು ಮೊದಲೇ ಹದ ಮಾಡುವ ವಿಧಾನವನ್ನು ಸ್ಯಾನ್‌ಫೋರ್ಡ್ ಕ್ಲುಯೆಟ್ 1930ರ ಹೊತ್ತಿಗೆ ಕಂಡುಹಿಡಿದಾಗಿದೆ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಒಣಗಿದಾಗ ಓರೆ ನೇಯ್ಗೆಯ ಬಟ್ಟೆ ತನ್ನ ಹುರಿಯ ದಿಕ್ಕಿಗೆ ತಿರುಚಿಕೊಂಡು, ಬದಿಯ ಹೊಲಿಗೆ ಮೊಣಕಾಲಿನ ಕೆಳಗೆ ಮುಂದಕ್ಕೆ ಬರುತ್ತದೆ. ಅದೂ ಹಳೆಯ ಪ್ಯಾಂಟಿನಂತೆಯೇ.

ಅಂಗಡಿಯ ಮೂಲೆಯಲ್ಲಿ ಕಪ್ಪಗೆ ಗಿಡ್ಡಗೆ ಒಂದು ಯಂತ್ರ ಕೂತಿದೆ, ಯೂನಿಯನ್ ಸ್ಪೆಷಲ್ 43200ಜಿ. ಕಾಲಿನ ತುದಿ ಮಡಚಿ ಸರಪಳಿ ಹೊಲಿಗೆ ಹಾಕುವುದಷ್ಟೇ ಇದರ ಕೆಲಸ. ತಯಾರಿಕೆ ನಿಂತು ದಶಕಗಳಾದವು. ಭಾಗ ಕೆಟ್ಟರೆ ಇನ್ನೊಂದು ಹಳೆಯ ಯಂತ್ರದಿಂದ ಕಿತ್ತು ಹಾಕಬೇಕು. ಮಡಿಕೆಯ ಮೇಲ್ಪದರವನ್ನೂ ಒಳಪದರವನ್ನೂ ಅದು ಸಮನಾಗಿ ಎಳೆಯುವುದಿಲ್ಲ, ಬಟ್ಟೆ ಓರೆಯಾಗಿ ಸೆಳೆದುಕೊಳ್ಳುತ್ತದೆ. ಒಗೆದ ಮೇಲೆ ಕಾಲಿನ ಸುತ್ತ ಹಗ್ಗ ಹೊಸೆದಂತೆ ಏರಿಳಿತ ಮೂಡುತ್ತದೆ. ಯಂತ್ರ ಮಾಡಿದವರು ಇದನ್ನು ಕೊರತೆ ಎಂದೇ ಎಣಿಸಿದ್ದಿರಬೇಕು. ಈ ಹೊಸೆತಕ್ಕಾಗಿ ದೂರದ ಊರುಗಳಿಂದ ಪ್ಯಾಂಟು ಕಟ್ಟಿಕೊಂಡು ಬರುವವರಿದ್ದಾರೆ. ಅಂಗಡಿಯ ಹುಡುಗ ಗಿರಾಕಿಯ ಕಾಲ ಬಳಿ ಮಂಡಿಯೂರಿ, ಗುಂಡುಪಿನ್ನು ಚುಚ್ಚಿ, ಈಗಲೇ ಕತ್ತರಿಸಲೋ ನೆನೆಸಿದ ಮೇಲೆ ತರುತ್ತೀರೋ ಎಂದು ಕೇಳುತ್ತಾನೆ. ಈಗಲೇ ಎಂದರೆ ಕುಗ್ಗುವುದಕ್ಕೆಂದು ಮೂರು ಅಂಗುಲ ಬಿಟ್ಟು ಗುರುತು ಹಾಕುತ್ತಾನೆ. ಕತ್ತರಿಸಿದ ತುಂಡುಗಳನ್ನು ಎಸೆಯುವುದಿಲ್ಲ, ಮಡಚಿ ಜೇಬಿಗೇ ಇಟ್ಟು ಕೊಡುತ್ತಾನೆ. ಮುಂದೆ ಮೊಣಕಾಲು ಹರಿದಾಗ ತೇಪೆಗೆ ಅದೇ ಥಾನಿನ ಬಟ್ಟೆ ಬೇಕಾಗುತ್ತದೆ.